ಪಿಟ್‌ಬುಲ್ ಗುರ್ ಅಂದಿದೆ, ಮನೆಯಲ್ಲಿ ನಾಲ್ಕು ವರ್ಷದ ಮಗಳು: ಯಾರ ಮಾತು ಕೇಳಲಿ?

ಪ್ರಶ್ನೆ: ನಮಸ್ಕಾರ್ರಿ ಡಾಕ್ಟ್ರ. ಹುಬ್ಬಳ್ಳಿ ನವನಗರದಾಗ ನಮ್ಮದು ಸ್ವಂತ ಮನಿ. ಎರಡೂವರೆ ವರ್ಷದ ಹಿಂದ ನಮ್ಮ ಮೈದುನ ಒಂದು ಪಿಟ್‌ಬುಲ್ ಮರಿ ತಂದ, ಟೈಗರ್ ಅಂತ ಹೆಸರಿಟ್ಟ. ಈಗ ಆತ ಪುಣೆದಾಗ ಕೆಲಸಕ್ಕ ಸೇರ್ಯಾನ, ನಾಯಿ ನಮ್ಮ ಕೊಳ್ಳಿಗೆ ಬಿದ್ದದ. ಹಗಲೆಲ್ಲಾ ಮಾಳಿಗಿ ಮ್ಯಾಲೆ ಸರಪಳಿ ಹಾಕಿ ಕಟ್ಟತೀವಿ, ರಾತ್ರಿ ಬಿಡತೀವಿ. ನನ್ನ ಮಗಳಿಗೆ ನಾಕು ವರ್ಷ, ಅದರ ಜೋಡಿನ ಆಡಿ ಬೆಳದಾಳ. ಹೋದ ತಿಂಗಳ ಟೈಗರ್ ಉಣ್ಣೂ ಮುಂದ ಆಕಿ ಹತ್ರ ಹೋದ್ರ ಗುರ್ ಅಂತು. ನಮ್ಮ ಯಜಮಾನ್ರು ಬೆಲ್ಟ್‌ಲೆ ಬಡಿದ್ರು. ನಿನ್ನೆ ಹಾಲು ಹಾಕೋ ಹುಡುಗ ಗೇಟ್ ತಗದು ಒಳಗ ಬಂದಾಗ ಅವನ ಕಾಲಿಗೆ ಬಾಯಿ ಹಾಕ್ತು. ಪ್ಯಾಂಟ್ ಹರದು ಸ್ವಲ್ಪ ರಕ್ತ ಬಂತು. ಓಣ್ಯಾಗಿನ ಮಂದಿ ಈ ಜಾತಿ ಸರ್ಕಾರ ಬ್ಯಾನ್ ಮಾಡೇದ, ಪಾಲಿಕೆಗೆ ಅರ್ಜಿ ಕೊಡತೀವಿ ಅಂತಾರ. ಅತ್ತಿಯವರು ಇಂಜೆಕ್ಷನ್ ಕೊಡಿಸಿ ಮುಗಸ್ರಿ ಅಂತಾರ. ಮಾವನವರು ಒಮ್ಮೆ ಹೆಣ್ಣ ನಾಯಿ ಕೂಡಿಸಿದ್ರ ತಣ್ಣಗಾಗ್ತದ ಅಂತಾರ. ಮೈದುನ ಫೋನ್‌ನಾಗ ‘ಪಿಟ್‌ಬುಲ್ ಮನಿ ಮಂದಿಗೆ ಏನೂ ಮಾಡೂದಿಲ್ಲ, ಎಲ್ಲಾ ಸಾಕೋ ರೀತಿ ಮ್ಯಾಲೆ’ ಅಂತಾನ. ಹಾವೇರಿ ಕಡೆಯವರು ಒಬ್ಬರು ಹೊಲ ಕಾಯಲಿಕ್ಕೆ ಒಯ್ತೀವಿ ಅಂದಾರ. ಯಾರ ಮಾತು ಕೇಳ್ಲಿ? ನನಗ ರಾತ್ರಿ ನಿದ್ದಿ ಬರವಲ್ದು.
(ಹೆಸರು ಬ್ಯಾಡ್ರಿ, ನವನಗರ, ಹುಬ್ಬಳ್ಳಿ)

ಉತ್ತರ: ನಾಯಿಯ ವಿಷಯ ಆಮೇಲೆ. ಮೊದಲು ಆ ಹಾಲಿನ ಹುಡುಗನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೀರಾ? ನಿಮ್ಮ ಪತ್ರದಲ್ಲಿ ಆ ಮಾತೇ ಇಲ್ಲ. ಚರ್ಮ ಹರಿದು ರಕ್ತ ಬಂದಿದ್ದರೆ ವೈದ್ಯರು ಅದನ್ನು ಮೂರನೇ ದರ್ಜೆಯ, ಅಂದರೆ ರೇಬೀಸ್ ಲೆಕ್ಕದಲ್ಲಿ ಎಲ್ಲಕ್ಕಿಂತ ಗಂಭೀರ ಗಾಯ ಅಂತಲೇ ಲೆಕ್ಕ ಹಿಡಿಯುತ್ತಾರೆ. ಗಾಯವನ್ನು ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ (ವೈರಸ್ಸನ್ನು ತಕ್ಷಣ ತಡೆಯುವ ಸಿದ್ಧ ಪ್ರತಿಕಾಯ), ಜೊತೆಗೆ ರೇಬೀಸ್ ಲಸಿಕೆ ಹಾಕಿಸಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮದೊಳಗೆ ಕೊಡುವ ಲಸಿಕೆಯಾದರೆ ಶುರು ಮಾಡಿದ ದಿನ, ಆಮೇಲೆ 3, 7 ಮತ್ತು 28ನೇ ದಿನ. ಸ್ನಾಯುವಿಗೆ ಕೊಡುವುದಾದರೆ ನಡುವೆ 14ನೇ ದಿನ ಇನ್ನೊಂದು ಸೇರುತ್ತದೆ. ಅರಿಷಿಣ, ಸುಣ್ಣ, ಕಾಫಿಪುಡಿ ಏನನ್ನೂ ಮೆತ್ತಬೇಡಿ. ‘ನಮ್ಮ ನಾಯಿಗೆ ಲಸಿಕೆ ಆಗಿದೆ’ ಅಂತ ಸುಮ್ಮನಿರಬೇಡಿ. ಟೈಗರ್‌ನನ್ನು ಹತ್ತು ದಿನ ಕಣ್ಣಿಟ್ಟು ನೋಡಿ. ಅದು ಹತ್ತು ದಿನ ಕಳೆದರೂ ಆರೋಗ್ಯವಾಗಿದ್ದರೆ ಕಚ್ಚಿದಾಗ ಅದರ ಜೊಲ್ಲಿನಲ್ಲಿ ರೇಬೀಸ್ ಇರಲಿಲ್ಲ ಅಂತ ಅರ್ಥ. ಆದರೆ ಹುಡುಗನ ಚಿಕಿತ್ಸೆ ಅದಕ್ಕಾಗಿ ಕಾಯಬಾರದು, ಇವತ್ತೇ ಶುರುವಾಗಬೇಕು. ಖರ್ಚು ನಿಮ್ಮದು, ಆ ಹುಡುಗನ ತಪ್ಪಿದ ಕೂಲಿಯೂ ನಿಮ್ಮದೇ. ಓಣಿಯವರ ಸಿಟ್ಟು ಅರ್ಧ ಇಳಿಯುವುದೂ ಇಷ್ಟು ಮಾಡಿದರೇನೇ.

ಈಗ ‘ಬ್ಯಾನ್’ ವಿಷಯ. ಓಣಿಯವರು ಕೇಳಿದ್ದು ಪೂರ್ತಿ ಸುಳ್ಳಲ್ಲ, ಆದರೆ ಅರ್ಧ ಸುದ್ದಿ. 2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನೆ ಮತ್ತು ಹೈನುಗಾರಿಕೆ ಇಲಾಖೆ ರಾಜ್ಯಗಳಿಗೆ ಒಂದು ಸುತ್ತೋಲೆ ಕಳಿಸಿತ್ತು. ಪಿಟ್‌ಬುಲ್, ರಾಟ್‌ವೈಲರ್, ಕೇನ್ ಕಾರ್ಸೊ, ಡೋಗೊ ಅರ್ಜೆಂಟಿನೊ ಸೇರಿ 23 ಜಾತಿಯ ನಾಯಿಗಳ ಆಮದು, ಮರಿ ಮಾಡಿಸುವುದು, ಮಾರುವುದು ನಿಲ್ಲಬೇಕು, ಈಗಾಗಲೇ ಸಾಕಿಕೊಂಡವರು ಸಂತಾನಹರಣ ಮಾಡಿಸಬೇಕು ಅಂತ ಅದರಲ್ಲಿತ್ತು. ಆ ಪಟ್ಟಿ ಎಷ್ಟು ಅವಸರದ್ದೆಂದರೆ ‘ಟೆರಿಯರ್’ ಅಂತ ಒಂದು ಇಡೀ ಗುಂಪಿನ ಹೆಸರೇ ಅದರಲ್ಲಿ ಕೂತಿತ್ತು. ಸೋಫಾ ಮೇಲೆ ಮಲಗುವ ಯಾರ್ಕ್‌ಶೈರ್ ಟೆರಿಯರ್ ಕೂಡ ಆ ಲೆಕ್ಕದಲ್ಲಿ ಅಪಾಯಕಾರಿ! ಕರ್ನಾಟಕ ಹೈಕೋರ್ಟ್ ಅದೇ ವರ್ಷ ಏಪ್ರಿಲ್ 10ರಂದು ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದಾರೆ ಅಂತ ಸುತ್ತೋಲೆಯನ್ನು ರದ್ದು ಮಾಡಿತು. ಸರಿಯಾದ ಕ್ರಮದಲ್ಲಿ ಹೊಸ ನಿಯಮ ತರುವ ದಾರಿಯನ್ನು ಮುಚ್ಚಲಿಲ್ಲ. ನಾಯಿ ಕಚ್ಚಿದರೆ ಚಿಕಿತ್ಸೆಯ ಖರ್ಚು, ಪರಿಹಾರ ಎರಡೂ ಮಾಲೀಕರ ಮೇಲೆ ಅಂತಲೂ ಹೇಳಿತು. ಅಂದರೆ ಆ ಸುತ್ತೋಲೆಯ ಆಧಾರದ ಮೇಲೆ ಯಾರೂ ನಿಮ್ಮ ನಾಯಿಯನ್ನು ಎಳೆದುಕೊಂಡು ಹೋಗುವಂತಿಲ್ಲ.

ಆದರೆ ಅಷ್ಟಕ್ಕೆ ನಿಶ್ಚಿಂತೆ ಆಗಬೇಡಿ. ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಇದೆ. ತನ್ನ ಪ್ರಾಣಿಯಿಂದ ಬೇರೆಯವರಿಗೆ ಅಪಾಯ ಆಗದಂತೆ ನೋಡಿಕೊಳ್ಳದವರಿಗೆ ಆರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಇದಕ್ಕೆ ಜಾತಿ ಬೇಕಾಗಿಲ್ಲ, ಬೀದಿಯಿಂದ ತಂದ ಕಂತ್ರಿ ನಾಯಿ ಕಚ್ಚಿದರೂ ಅನ್ವಯಿಸುತ್ತದೆ. ಗೇಟಿಗೆ ‘ನಾಯಿ ಇದೆ ಎಚ್ಚರಿಕೆ’ ಬೋರ್ಡ್ ಹಾಕಿದರೆ ಪಾರಾದೆವು ಅಂತ ಬಹಳ ಜನ ತಿಳಿದಿದ್ದಾರೆ. ಆ ಬೋರ್ಡು ನಿಮ್ಮ ನಾಯಿ ಕಚ್ಚುತ್ತದೆ ಅಂತ ನಿಮಗೆ ಮೊದಲೇ ಗೊತ್ತಿತ್ತು ಅನ್ನುವುದಕ್ಕೂ ಸಾಕ್ಷಿ. ಪಾಲಿಕೆಯಲ್ಲಿ ನಾಯಿ ನೋಂದಣಿಯ ನಿಯಮ ವಿಚಾರಿಸಿ, ಲಸಿಕೆಯ ಕಾಗದ ಸರಿಯಾಗಿಟ್ಟುಕೊಳ್ಳಿ.

ಇನ್ನು ನಿಮ್ಮ ಮೈದುನನ ಮಾತು. ಸಾಕಿದ ರೀತಿ ಬಹಳ ಮುಖ್ಯ, ನಿಜ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ದೊಡ್ಡ ಅಧ್ಯಯನವೊಂದು 18,000ಕ್ಕೂ ಹೆಚ್ಚು ನಾಯಿಗಳ ಮಾಹಿತಿ ಹಿಡಿದು ನೋಡಿತು. ಒಂದು ನಾಯಿಗೂ ಇನ್ನೊಂದು ನಾಯಿಗೂ ನಡವಳಿಕೆಯಲ್ಲಿ ಇರುವ ವ್ಯತ್ಯಾಸದಲ್ಲಿ ಜಾತಿಯಿಂದ ಬಂದದ್ದು ಸುಮಾರು ಶೇ 9 ಮಾತ್ರ ಅಂತ ಅದು ಕಂಡುಕೊಂಡಿತು. ಜಾತಿ ನೋಡಿ ‘ಇದು ಕಚ್ಚುತ್ತದೆ, ಇದು ಕಚ್ಚಲ್ಲ’ ಅಂತ ಹೇಳುವುದಕ್ಕೆ ಆಗುವುದಿಲ್ಲ ಅನ್ನುವುದು ನನ್ನ ಟೇಬಲ್ಲಿನ ಮೇಲೂ ದಿನಾ ಕಾಣುತ್ತದೆ. ನನ್ನ ಕೈಗೆ ಬಾಯಿ ಹಾಕಲು ಬರುವ ನಾಯಿಗಳಲ್ಲಿ ಪಾಮೇರಿಯನ್ ಪಾಲು ಸಣ್ಣದಲ್ಲ.

ಆದರೆ ಪಾಮೇರಿಯನ್ ಕಚ್ಚಿದರೆ ಬ್ಯಾಂಡೇಜ್, ಇಂಥ ನಾಯಿ ಕಚ್ಚಿದರೆ ಆಪರೇಷನ್ ಥಿಯೇಟರ್. ನಿಮ್ಮ ಮೈದುನ ಬಿಟ್ಟದ್ದು ಈ ಭಾಗವನ್ನು. ಕಚ್ಚುತ್ತದೋ ಇಲ್ಲವೋ ಅನ್ನುವುದರಲ್ಲಿ ಜಾತಿಯ ಪಾಲು ಕಡಿಮೆ, ಕಚ್ಚಿದರೆ ಎಷ್ಟು ಅನಾಹುತ ಅನ್ನುವುದರಲ್ಲಿ ಬಹಳ. ಬ್ರಿಟನ್ನಿನಲ್ಲಿ ಗೂಳಿಯ ಮೇಲೆ ನಾಯಿ ಬಿಡುವ ಆಟ ಇತ್ತು, 1835ರಲ್ಲಿ ಕಾನೂನು ತಂದು ಅದನ್ನು ನಿಲ್ಲಿಸಿದರು. ಆಮೇಲೆ ಜೂಜಿನವರು ಬುಲ್‌ಡಾಗ್, ಟೆರಿಯರ್ ಕೂಡಿಸಿ ಅಖಾಡದಲ್ಲಿ ನಾಯಿಗೆ ನಾಯಿ ಕಾದಾಡುವ ತಳಿ ಮಾಡಿಕೊಂಡರು. ಪಿಟ್‌ಬುಲ್ ಆ ವಂಶದ್ದು. ಹಿಡಿದದ್ದನ್ನು ಬಿಡದ, ನೋವಾದರೂ ಹಿಂದೆ ಸರಿಯದ ಗುಣವನ್ನು ತಲೆಮಾರುಗಟ್ಟಲೆ ಆರಿಸಿ ಬೆಳೆಸಿದ್ದಾರೆ. ಅದರ ದವಡೆಗೆ ಕೀಲಿ ಬೀಳುತ್ತದೆ ಅನ್ನುವುದು ಕಟ್ಟುಕತೆ, ಎಲ್ಲ ನಾಯಿಯ ದವಡೆಯೂ ಒಂದೇ ರೀತಿಯದು. ಬಿಡದಿರುವುದು ಅದರ ಹಟದಿಂದ, ಎಲುಬಿನಿಂದಲ್ಲ. ಹಸಿ ಮಾಂಸ ಹಾಕಿದರೆ ರಕ್ತದ ರುಚಿ ಹತ್ತಿ ಮನುಷ್ಯರ ಮೇಲೆ ಬೀಳುತ್ತದೆ ಅನ್ನುವುದೂ ಕಟ್ಟುಕತೆ. ಹಸಿ ಮಾಂಸದಿಂದ ಹುಳು, ಸೋಂಕು ಬರಬಹುದು, ಕೋಪ ಬರುವುದಿಲ್ಲ.

ಹಾವೇರಿ ಕಡೆ ಕೊಬ್ಬರಿ ಹೋರಿ, ಅಂದರೆ ಕೊಬ್ಬರಿ ಕಟ್ಟಿ ಸ್ಪರ್ಧೆಯಲ್ಲಿ ಓಡಿಸುವ ಹೋರಿ, ಸಾಕಿದವರನ್ನು ನೋಡಿದ್ದೀರಲ್ಲ. ಕೈತುತ್ತು ಹಾಕಿ, ಮೈ ತಿಕ್ಕಿ ಮಗನಂತೆ ಸಾಕುತ್ತಾರೆ, ಆದರೂ ಆ ಹೋರಿಯ ಕೊಂಬಿನ ಅಳತೆಯಲ್ಲಿ ಮಗುವನ್ನು ಒಂಟಿಯಾಗಿ ಬಿಡುವುದಿಲ್ಲ. ಪ್ರೀತಿಗೂ ಎಚ್ಚರಕ್ಕೂ ಜಗಳ ಇಲ್ಲ ಅಂತ ಅವರಿಗೆ ಗೊತ್ತು. ನಾಯಿ ವಿಷಯದಲ್ಲಿ ಮಾತ್ರ ನಮ್ಮ ಹುಡುಗರು ‘ಹೆದರಿದರೆ ಪ್ರೀತಿ ಇಲ್ಲ’ ಅನ್ನುವಂತೆ ಮಾತಾಡುತ್ತಾರೆ. ‘ಮನಿ ಮಂದಿಗೆ ಏನೂ ಮಾಡೂದಿಲ್ಲ’ ಅನ್ನುವ ಭರವಸೆ ಯಾವ ನಾಯಿಗೂ ಸಲ್ಲುವುದಿಲ್ಲ. 2022ರ ಜುಲೈನಲ್ಲಿ ಲಖನೌದಲ್ಲಿ 82 ವರ್ಷದ ನಿವೃತ್ತ ಶಿಕ್ಷಕಿಯನ್ನು ಕೊಂದದ್ದು ಅವರ ಮನೆಯಲ್ಲೇ ಬೆಳೆದ ಪಿಟ್‌ಬುಲ್. ಸಣ್ಣ ಮಕ್ಕಳನ್ನು ಕಚ್ಚುವ ನಾಯಿಗಳು ಹೆಚ್ಚಾಗಿ ಮನೆಯವೋ, ಪರಿಚಯದವೋ ಆಗಿರುತ್ತವೆ. ನಾಲ್ಕು ವರ್ಷದ ಮಗುವಿನ ಮುಖ ನಾಯಿಯ ಬಾಯಿಯ ಎತ್ತರಕ್ಕೇ ಇರುವುದರಿಂದ ಗಾಯ ಆಗುವುದು ಮುಖಕ್ಕೆ, ಕುತ್ತಿಗೆಗೆ.

ಟೈಗರ್ ನಿಜವಾಗಿ ಪಿಟ್‌ಬುಲ್ ಹೌದೋ ಅಲ್ಲವೋ ಅನ್ನುವುದು ಬೇರೆ. ನಮ್ಮ ಭಾಗದಲ್ಲಿ ಆ ಹೆಸರಿನಲ್ಲಿ ಮಾರುವ ಮರಿಗಳಲ್ಲಿ ಬಹಳಷ್ಟು ಮಿಶ್ರ ತಳಿ. ಕಿವಿ ಕತ್ತರಿಸಿದ್ದಾರೆ, ಎದೆ ಅಗಲ ಇದೆ, ಅಷ್ಟಕ್ಕೇ ಆ ಹೆಸರು. ಅಮೆರಿಕನ್ ಪಿಟ್‌ಬುಲ್ ಟೆರಿಯರ್ ಅನ್ನು ಕೆನಲ್ ಕ್ಲಬ್ ಆಫ್ ಇಂಡಿಯಾ ತಳಿಯಾಗಿ ಮಾನ್ಯ ಮಾಡಿಲ್ಲ, ಹಾಗಾಗಿ ‘ಕೆಸಿಐ ಪೇಪರ್ ಇರೋ ಪಿಟ್‌ಬುಲ್’ ಅಂತ ಯಾರಾದರೂ ಹಣ ಕೇಳಿದರೆ ಅಲ್ಲೇ ನಿಲ್ಲಿ. ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟದ 2017ರ ನಿಯಮದ ಪ್ರಕಾರ ಮರಿ ಮಾಡಿಸುವವರು ನೋಂದಣಿ ಮಾಡಿಸಿರಬೇಕು, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ನಮ್ಮಲ್ಲಿ ತಿಂಗಳ ಮರಿ ಮಾರುವುದೇ ರೂಢಿ. ಒಡಹುಟ್ಟಿದ ಮರಿಗಳ ಜೊತೆ ಕಚ್ಚಾಡುವಾಗಲೇ ಮರಿಗೆ ಹಲ್ಲು ಎಷ್ಟು ಊರಿದರೆ ಎದುರಿನದಕ್ಕೆ ನೋವಾಗುತ್ತದೆ ಅನ್ನುವುದು ತಿಳಿಯುತ್ತದೆ. ಆ ವಾರಗಳನ್ನೇ ಕಿತ್ತುಕೊಂಡು ಆಮೇಲೆ ಜಾತಿ ಕೆಟ್ಟದ್ದು ಅಂತ ಬೈದರೆ ಏನು ಬಂತು? ನನ್ನ ಅಭಿಪ್ರಾಯ ಕೇಳಿದರೆ, ಹೆಸರಿನ ಪಟ್ಟಿ ಮಾಡಿ ನಿಷೇಧಿಸುವುದಕ್ಕಿಂತ ಈ ನಿಯಮವನ್ನು ಜಾರಿ ಮಾಡಿದರೆ ಹೆಚ್ಚು ಕೆಲಸ ಆಗುತ್ತದೆ. ಬ್ರಿಟನ್ 1991ರಲ್ಲಿ ನಾಲ್ಕು ತಳಿ ನಿಷೇಧಿಸಿತು. ಮುಂದೆ ಎಕ್ಸ್‌ಎಲ್ ಬುಲ್ಲಿ ಅನ್ನುವ ಹೊಸ ಹೆಸರು ಎದ್ದು ಬಂತು, 2023ರ ಕೊನೆಗೆ ಅದನ್ನೂ ಪಟ್ಟಿಗೆ ಸೇರಿಸಬೇಕಾಯಿತು. ನೆದರ್ಲೆಂಡ್ಸ್ 1993ರಲ್ಲಿ ತಂದ ಪಿಟ್‌ಬುಲ್ ನಿಷೇಧವನ್ನು ನಾಯಿ ಕಚ್ಚುವುದು ಕಡಿಮೆಯಾಗಲಿಲ್ಲ ಅಂತ 2008ರಲ್ಲಿ ಕೈಬಿಟ್ಟಿತು. ಅತ್ತ, ಈ ನಾಯಿಗಳಿಗೆ ಯಾವ ಕಟ್ಟುಪಾಡೂ ಬೇಡ ಅನ್ನುವವರ ಜೊತೆಗೂ ನಾನಿಲ್ಲ. ಮೂವತ್ತು ಕಿಲೋ ತೂಗುವ ನಾಯಿಯನ್ನು ಹಿಡಿದು ನಿಲ್ಲಿಸಲಾರದವರು ಅದನ್ನು ಸಾಕಬಾರದು.

ನಿಮ್ಮ ಮನೆಗೆ ಬರೋಣ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಆತಂಕ ತಂದದ್ದು ಹಾಲಿನ ಹುಡುಗನ ಗಾಯಕ್ಕಿಂತ ಆ ಬೆಲ್ಟು. ಉಣ್ಣುವ ನಾಯಿಯ ಹತ್ತಿರ ಯಾರಾದರೂ ಹೋದಾಗ ಏನಾಗುತ್ತದೆ ಅಂತ ದೂರದಿಂದ ಒಮ್ಮೆ ಗಮನಿಸಿ. ಮೊದಲು ಗಬಗಬ ತಿನ್ನುವ ವೇಗ ಹೆಚ್ಚುತ್ತದೆ. ಆಮೇಲೆ ತಟ್ಟನೆ ನಿಲ್ಲುತ್ತದೆ, ಮೂತಿ ತಾಟಿನ ಮೇಲೇ ಇರುತ್ತದೆ, ಮೈ ಬಿಗಿಯಾಗುತ್ತದೆ. ತಲೆ ತಿರುಗಿಸದೆ ಕಣ್ಣು ಮಾತ್ರ ಓರೆ ಮಾಡಿ ನೋಡುವುದರಿಂದ ಕಣ್ಣಿನ ಬಿಳಿ ಅರ್ಧಚಂದ್ರದಂತೆ ಕಾಣುತ್ತದೆ. ತುಟಿ ಮೇಲೇಳುತ್ತದೆ. ಆಮೇಲೆ ಗುರ್. ಇಷ್ಟೆಲ್ಲ ಆದಮೇಲೂ ಎದುರಿನವರು ಹಿಂದೆ ಸರಿಯದಿದ್ದರೆ ಹಲ್ಲು. ಟೈಗರ್ ನಿಮ್ಮ ಮಗಳಿಗೆ ಗುರ್ ಅಂದದ್ದು ‘ಇನ್ನು ಮುಂದೆ ಬರಬೇಡ’ ಅಂತ, ಕಚ್ಚುವ ಬದಲು ಹೇಳಿದ್ದು. ಅದಕ್ಕೆ ಬಡಿದರೆ ನಾಯಿ ಕಲಿಯುವುದು ಗುರ್ ಅನ್ನಬಾರದು ಅಂತ ಮಾತ್ರ, ತಾಟಿನ ಬಗೆಗಿನ ದಿಗಿಲು ಹಾಗೇ ಉಳಿಯುತ್ತದೆ. ‘ಏನೂ ಸುಳಿವೇ ಕೊಡಲಿಲ್ಲ ಸರ್, ಒಮ್ಮೆಗೇ ಹಾರಿತು’ ಅಂತ ಕ್ಲಿನಿಕ್ಕಿಗೆ ಬರುವವರನ್ನು ಕೆದಕಿ ಕೇಳಿದರೆ, ಹಿಂದೆ ಎಂದೋ ಗುರ್ ಅಂದದ್ದಕ್ಕೆ ಏಟು ಬಿದ್ದ ಕತೆ ಹೊರಗೆ ಬರುತ್ತದೆ. ಯಜಮಾನರಿಗೆ ಹೇಳಿ, ಬೆಲ್ಟ್ ಸೊಂಟಕ್ಕೇ ಇರಲಿ.

ಎರಡನೆಯದು ಮಾಳಿಗೆ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಕಾಂಕ್ರೀಟಿನ ಮೇಲೆ ಸರಪಳಿ ಬಿಗಿದ ನಾಯಿ ಕೆಳಗಿನ ರಸ್ತೆಯ ಪ್ರತಿ ಸದ್ದಿಗೂ ಬೊಗಳುತ್ತದೆ, ಹೋಗಲಾರದೆ ಕುದಿಯುತ್ತದೆ. ಅಪರಿಚಿತರೆಂದರೆ ಅದಕ್ಕೆ ದಿನವಿಡೀ ಕುತ್ತಿಗೆ ಜಗ್ಗಿದ ಸಿಟ್ಟು. ಹಾಲಿನ ಹುಡುಗ ಸಿಕ್ಕದ್ದು ಅಂಥ ನಾಯಿಗೆ. ಸದಾ ಕಟ್ಟಿದ ನಾಯಿ ಕಾವಲಿಗೆ ಚುರುಕಾಗುತ್ತದೆ ಅನ್ನುತ್ತಾರೆ. ರೋಣ, ಗಜೇಂದ್ರಗಡದ ಕಡೆ ಕುರಿ ಹಟ್ಟಿಯ ನಾಯಿಗಳನ್ನು ನೋಡಿ: ದಿನವಿಡೀ ಹಿಂಡಿನ ಜೊತೆ ನಡೆಯುತ್ತವೆ, ಕುರುಬರ ಒಂದು ಕೂಗಿಗೆ ಹಿಂದೆ ಸರಿಯುತ್ತವೆ. ಅವುಗಳ ಚುರುಕು ಬಂದದ್ದು ಸರಪಳಿಯಿಂದಲ್ಲ.

ಮಾವನವರ ಮಾತಿಗೆ ಉತ್ತರ ಸಣ್ಣದು. ಹೆಣ್ಣು ನಾಯಿ ಕೂಡಿಸಿದರೆ ತಣ್ಣಗಾಗುವುದಿಲ್ಲ, ಇನ್ನಷ್ಟು ಮರಿ ಹುಟ್ಟಿ ಇನ್ನಷ್ಟು ಮನೆಗಳಿಂದ ನನಗೆ ಇಂಥದೇ ಪತ್ರ ಬರುತ್ತದೆ ಅಷ್ಟೇ. ಸಂತಾನಹರಣ ಮಾಡಿಸಿ. ಅದರಿಂದ ಬೇಲಿ ಹಾರಿ ಓಡುವುದು, ಬೇರೆ ಗಂಡು ನಾಯಿಗಳ ಮೇಲೆ ಬೀಳುವುದು ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಆದರೆ ತಾಟು ಕಾಯುವ ಚಾಳಿ, ಅಪರಿಚಿತರ ಭಯ ಆಪರೇಷನ್ನಿನಿಂದ ಹೋಗುತ್ತದೆ ಅಂತ ನಾನು ಮಾತು ಕೊಡಲಾರೆ. ಅದೇ ಭೇಟಿಯಲ್ಲಿ ಕಿವಿ, ಹಲ್ಲು, ಸೊಂಟದ ಕೀಲು ನೋಡಿಸಿ, ಉಣ್ಣಿಯಿಂದ ಬರುವ ಜ್ವರಕ್ಕೆ ರಕ್ತ ಪರೀಕ್ಷೆ ಮಾಡಿಸಿ. ನೋವಿನಲ್ಲಿರುವ ನಾಯಿಗೆ ತಾಳ್ಮೆ ಕಡಿಮೆ, ಆ ನೋವು ಹೋದರೆ ಅರ್ಧ ಸಿಡುಕು ಹೋದದ್ದನ್ನು ನೋಡಿದ್ದೇನೆ.

ನೀವು ಏನೇ ತೀರ್ಮಾನ ಮಾಡಿದರೂ ಈ ವಾರವೇ ಆಗಬೇಕಾದದ್ದು ಒಂದು ಕಬ್ಬಿಣದ ಗೇಟು. ಗೋಕುಲ ರೋಡಿನಲ್ಲಿ ಫ್ಯಾಬ್ರಿಕೇಷನ್ ಮಾಡುವವರು ಅಳತೆ ತೆಗೆದುಕೊಂಡು ಹೋಗಿ ಮಾಡಿಕೊಡುತ್ತಾರೆ. ಹಿತ್ತಲಿಗೂ ಪಡಸಾಲೆಗೂ ನಡುವೆ, ಐದು ಅಡಿ ಎತ್ತರ, ಕೆಳಗಿನ ಮೂರು ಅಡಿಗೆ ತಗಡು ಹೊಡೆಸಿ, ಮಗಳ ಕೈ ಸರಳಿನ ಸಂದಿಯಲ್ಲಿ ತೂರಬಾರದು. ಚಿಲಕ ಮೇಲ್ಗಡೆ ಇರಲಿ, ತಾನೇ ಮುಚ್ಚಿಕೊಳ್ಳುವ ಸ್ಪ್ರಿಂಗ್ ಇರಲಿ. ಬಾಗಿಲು ಹಾಕುವುದನ್ನು ಮರೆಯದ ಮನುಷ್ಯರಿಲ್ಲ. ಟೈಗರ್‌ಗೆ ನೆರಳು, ನೀರು ಇರುವ ಹಿತ್ತಲು, ಸರಪಳಿ ಬೇಡ. ಊಟ ಅಲ್ಲೇ, ಗೇಟು ಮುಚ್ಚಿದ ಮೇಲೆ. ಖಾಲಿ ತಾಟನ್ನು ನಾಯಿಯನ್ನು ಬೇರೆ ಕಡೆ ಕರೆದ ಮೇಲೆ ದೊಡ್ಡವರೇ ತೆಗೆಯಬೇಕು. ಮಗಳು ಮತ್ತು ನಾಯಿ ಒಂದೇ ಜಾಗದಲ್ಲಿ, ನಡುವೆ ಗೇಟಿಲ್ಲದೆ, ಒಂದು ನಿಮಿಷವೂ ಬೇಡ, ನೀವು ಎದುರಿಗೆ ಕೂತಿದ್ದರೂ ಬೇಡ. ಹೊರಗಿನ ಗೇಟಿಗೆ ಒಳಚಿಲಕ, ಬೆಲ್, ಹಾಲಿಗೆ ಹೊರಗೊಂದು ಚೀಲ. ಹೊರಗೆ ಕರೆದೊಯ್ಯುವಾಗ ಬುಟ್ಟಿಯಾಕಾರದ ಮಝಲ್ (ಕಚ್ಚದಂತೆ ಮೂತಿಗೆ ಹಾಕುವ ಕುಕ್ಕೆ) ಹಾಕಿ, ಬಾಯಿ ಬಿಗಿದು ಕಟ್ಟುವ ಪಟ್ಟಿ ಬೇಡ. ಬುಟ್ಟಿಯಲ್ಲಿ ನಾಯಿ ಬಾಯಿ ತೆರೆದು ಏದುಸಿರು ಬಿಡಬಹುದು, ನೀರು ಕುಡಿಯಬಹುದು. ಮೊದಲ ದಿನವೇ ತುರುಕಬೇಡಿ. ಬುಟ್ಟಿಯೊಳಗೆ ಬೇಯಿಸಿದ ಕೋಳಿ ತುಣುಕು ಇಟ್ಟು ತಾನಾಗೇ ಮೂತಿ ಹಾಕುವಂತೆ ಒಂದೆರಡು ವಾರ ರೂಢಿ ಮಾಡಿಸಿ. ಧಾರವಾಡ ಪೇಡಾ ಇಟ್ಟು ಕಲಿಸಿದವರೂ ಇದ್ದಾರೆ. ನಾಯಿ ಕಲಿತದ್ದು ನಿಜ, ಆದರೆ ಸಕ್ಕರೆ ಅದಕ್ಕೆ ಒಳ್ಳೆಯದಲ್ಲ.

ಇನ್ನು ಇಟ್ಟುಕೊಳ್ಳುವುದೋ ಬಿಡುವುದೋ. ಇಟ್ಟುಕೊಳ್ಳಬೇಕಾದರೆ ಮನೆಯಲ್ಲಿ ಒಬ್ಬ ದೊಡ್ಡವರು, ನಿಮ್ಮ ಯಜಮಾನರೇ ಅನ್ನಿ, ಬೆಳಿಗ್ಗೆ ಒಂದು ತಾಸು ಸಂಜೆ ಒಂದು ತಾಸು ಅದಕ್ಕೆ ಕೊಡಬೇಕು. ನಡೆಸಬೇಕು, ಹೊಡೆಯದೆ ಕಲಿಸುವ ತರಬೇತುದಾರರ ಜೊತೆ ಕೂತು ತಾಟಿನ ಸಮಸ್ಯೆಯನ್ನು ಮೆಲ್ಲಗೆ ಬಿಡಿಸಬೇಕು. ದೂರದಿಂದ ತಾಟಿಗೆ ರುಚಿಯಾದ ತುಣುಕು ಎಸೆದು ಹೋಗುವುದರಿಂದ ಅದು ಶುರುವಾಗುತ್ತದೆ. ಮನುಷ್ಯ ಹತ್ತಿರ ಬಂದರೆ ಕಸಿಯುವುದಿಲ್ಲ, ಹಾಕುತ್ತಾನೆ ಅಂತ ನಾಯಿಗೆ ಗೊತ್ತಾಗಬೇಕು. ತಿಂಗಳುಗಟ್ಟಲೆ ಬೇಕು. ಅಷ್ಟಾದರೂ ಆ ಗೇಟನ್ನು ನಿಮ್ಮ ಮಗಳು ದೊಡ್ಡವಳಾಗುವವರೆಗೆ ತೆಗೆಯುವ ಹಾಗಿಲ್ಲ. ನಿಮ್ಮ ಪತ್ರ ಓದಿದರೆ ಅಷ್ಟು ಹೊತ್ತು ಕೊಡುವವರು ಆ ಮನೆಯಲ್ಲಿ ಕಾಣುವುದಿಲ್ಲ. ತಂದವನು ಪುಣೆಯಲ್ಲಿದ್ದಾನೆ, ಹೊಣೆ ನಿಮ್ಮ ತಲೆಗೆ ಬಂದಿದೆ. ಹಾಗಾದರೆ ನನ್ನ ಸಲಹೆ: ಟೈಗರ್ ನಿಮ್ಮ ಮನೆಯಿಂದ ಹೋಗಬೇಕು, ಆದರೆ ಸರಿಯಾದ ಜಾಗಕ್ಕೆ. ಮೊದಲ ಹಕ್ಕು, ಮೊದಲ ಹೊಣೆ ಎರಡೂ ಮೈದುನನದು. ಆತ ಒಯ್ಯಲಾರೆ ಅಂದರೆ, ಮಕ್ಕಳಿಲ್ಲದ, ಇಂಥ ನಾಯಿ ಸಾಕಿ ಗೊತ್ತಿರುವ ಮನೆ ಹುಡುಕುವ ಕೆಲಸವನ್ನಾದರೂ ಆತ ಮಾಡಲಿ. ಕೊಡುವಾಗ ಗುರ್ ಅಂದದ್ದು, ಹುಡುಗನಿಗೆ ಕಚ್ಚಿದ್ದು ಎರಡನ್ನೂ ಕಾಗದದಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ. ಮುಚ್ಚಿಟ್ಟು ಕೊಟ್ಟರೆ ಮುಂದೆ ಇನ್ನೊಂದು ಮನೆಯ ಮಗುವಿಗೆ ಆದದ್ದರಲ್ಲಿ ನಿಮ್ಮ ಪಾಲೂ ಇರುತ್ತದೆ. ಮನೆ ಸಿಗುವವರೆಗೆ ಗೇಟಿನ ನಿಯಮ ಸಡಿಲ ಮಾಡಬೇಡಿ.

ಹಾವೇರಿಯ ಹೊಲ ನನಗೆ ಒಪ್ಪಿಗೆ ಇಲ್ಲ. ‘ಹೊಲಕ್ಕೆ’ ಅಂತ ಒಯ್ದ ಇಂಥ ನಾಯಿ ಹೆಚ್ಚಾಗಿ ಬಾವಿ ಪಂಪಿನ ಶೆಡ್ಡಿಗೆ ಕಟ್ಟಿದಲ್ಲೇ ಇರುತ್ತದೆ, ಹಗ್ಗ ಹರಿದ ದಿನ ಪಕ್ಕದ ಹೊಲದ ಮೇಕೆಯನ್ನೋ, ಶಾಲೆಗೆ ಹೋಗುವ ಹುಡುಗನನ್ನೋ ಹಿಡಿಯುತ್ತದೆ. ಕಾದಾಟಕ್ಕೆ ಅಂತಲೇ ಒಯ್ಯುವವರೂ ಇದ್ದಾರೆ. ನಾಯಿ ಕಾದಾಟ ಏರ್ಪಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಹೋಗಿ ಜಾಗ ನೋಡದೆ ಕೊಡಬೇಡಿ. ಕಲಘಟಗಿ ರಸ್ತೆಯ ಕಾಡಂಚಿಗೆ ಬಿಟ್ಟು ಬರುವ ಸಲಹೆಯನ್ನೂ ಯಾರಾದರೂ ಕೊಟ್ಟೇ ಕೊಡುತ್ತಾರೆ, ಸಾಕಿದ ಪ್ರಾಣಿಯನ್ನು ಹಾಗೆ ಬಿಡುವುದೂ ಅದೇ ಕಾಯ್ದೆಯಡಿ ಅಪರಾಧ.

ಅತ್ತೆಯವರ ಇಂಜೆಕ್ಷನ್ ಮಾತನ್ನು ಕ್ರೂರ ಅಂತ ತಳ್ಳಿಹಾಕುವುದಿಲ್ಲ, ಅವರು ಮೊಮ್ಮಗಳ ಮುಖ ನೋಡಿ ಹೇಳುತ್ತಿದ್ದಾರೆ. ಸುಳಿವೇ ಕೊಡದೆ, ಮತ್ತೆ ಮತ್ತೆ ಆಳವಾಗಿ ಕಚ್ಚಿದ, ಯಾವ ಮನೆಯೂ ಹಿಡಿಸಲಾರದ ನಾಯಿಯ ವಿಷಯದಲ್ಲಿ ಪಶುವೈದ್ಯರು ಆ ಪ್ರಶ್ನೆಯನ್ನು ಮನೆಯವರ ಜೊತೆ ಕೂತು ಮಾತಾಡಬೇಕಾಗುತ್ತದೆ. ಟೈಗರ್ ಇನ್ನೂ ಆ ಹಂತಕ್ಕೆ ಬಂದಿಲ್ಲ. ಅದು ಗುರ್ ಅಂದು ಹೇಳಿದೆ. ಹುಡುಗನ ಕಾಲನ್ನು ಒಮ್ಮೆ ಹಿಡಿದು ಬಿಟ್ಟಿದೆ, ಹಿಡಿದು ಅಲುಗಾಡಿಸಿಲ್ಲ. ಈ ಎರಡು ಸಂಗತಿಯ ಮೇಲೇ ನಾನು ಇನ್ನೂ ಅವಕಾಶ ಇದೆ ಅನ್ನುತ್ತಿರುವುದು.

ಹತ್ತು ದಿನದ ನಿಗಾ ಮುಗಿದ ಮೇಲೆ ನಿಮ್ಮ ಹತ್ತಿರದ ಪಶುವೈದ್ಯರಿಗೆ ತೋರಿಸಿ. ಮೊದಲೇ ಫೋನ್ ಮಾಡಿ, ಕಚ್ಚಿದ ನಾಯಿ ಅಂತ ಹೇಳಿ, ಜನ ಕಡಿಮೆ ಇರುವ ಹೊತ್ತು ಕೇಳಿಕೊಳ್ಳಿ. ಲಸಿಕೆ ಪುಸ್ತಕ ಒಯ್ಯಿರಿ. ಟೈಗರ್ ಉಣ್ಣುವಾಗಿನ ಎರಡು ನಿಮಿಷದ ವಿಡಿಯೋವನ್ನು ಗೇಟಿನ ಈಚೆಯಿಂದ ತೆಗೆದುಕೊಂಡು ಹೋದರೆ ನೀವು ಬಾಯಲ್ಲಿ ಹೇಳುವುದಕ್ಕಿಂತ ಹೆಚ್ಚು ಅವರಿಗೆ ತಿಳಿಯುತ್ತದೆ. ಯಜಮಾನರೇ ಹಿಡಿದುಕೊಂಡು ಹೋಗಲಿ, ಮಗಳನ್ನು ಅಜ್ಜಿಯ ಹತ್ತಿರ ಬಿಡಿ.